ಶಾಲೆ ತಪ್ಪಿಸುವ ಮಕ್ಕಳಿಗೆ ಹಾಜರಿ ಮಾರ್ಗದರ್ಶನ ಸೇವೆ: ಒಬ್ಬ ಪಾಲಕನ ವಿಮರ್ಶೆ

ಶಾಲೆ ತಪ್ಪಿಸುವ ಮಕ್ಕಳಿಗೆ ತಲಾ ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಿ, ಅವರು ಮತ್ತೆ ನಿಯಮಿತವಾಗಿ ತರಗತಿಗೆ ಬರುವಂತೆ ನೋಡಿಕೊಳ್ಳುವ ಸೇವೆಯೊಂದನ್ನು ನಮ್ಮ ಕಿರಿಯ ಮಗನಿಗಾಗಿ ನಾವು ಹೆಚ್ಚುಕಡಿಮೆ ಎರಡು ಶೈಕ್ಷಣಿಕ ವರ್ಷಗಳ ಕಾಲ ಬಳಸಿದ್ದೇವೆ. ಆರಂಭವಾದಾಗ ಅವನು ಎಂಟನೇ ತರಗತಿಯಲ್ಲಿದ್ದ. ಈಗ ಒಂಬತ್ತನೆಯದನ್ನು ಮುಗಿಸಿದ್ದಾನೆ. ಸಂಸ್ಥೆಯ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಅವುಗಳ ಮೂಲಕ ಮಗನ ಗುರುತು ಬಯಲಾಗುವುದು ನನಗೆ ಬೇಡ. ಇಂಥ ಸೇವೆಯನ್ನು ಒಪ್ಪಿಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವ ಪಾಲಕರಿಗೆ ಹೆಸರಿಗಿಂತ ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂಬುದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದು ನಂಬಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಸೇವೆಯಿಂದ ಪ್ರಯೋಜನವಾಯಿತು, ಆದರೆ ನಾವು ಯಾವುದನ್ನು ನಿರೀಕ್ಷಿಸಿ ಸಹಿ ಹಾಕಿದ್ದೆವೋ ಅದರಿಂದ ಆಗಲಿಲ್ಲ. ತಿಳಿದವರೊಬ್ಬರು ಕೂರಿಸಿಕೊಂಡು ಬುದ್ಧಿ ಹೇಳಿದರೆ ಹುಡುಗ ಸರಿಹೋಗುತ್ತಾನೆ ಎಂದು ನಾನೂ ನನ್ನ ಪತ್ನಿಯೂ ಎಣಿಸಿದ್ದೆವು. ಬುದ್ಧಿಮಾತಿನ ಪಾಲು ಇದರಲ್ಲಿ ತೀರಾ ಕಡಿಮೆ. ಅವನು ಬಾರದ ದಿನವೇ ಅದು ಒಬ್ಬರ ಗಮನಕ್ಕೆ ಬರುತ್ತಿತ್ತು, ಅವರು ಅಂದೇ ವಿಚಾರಿಸುತ್ತಿದ್ದರು, ಮರುವಾರವೂ ಅದೇ ಜಾಗದಲ್ಲಿ ಕಾಯುತ್ತಿದ್ದರು. ಕೆಲಸ ಮಾಡಿದ್ದು ಇದು. ನಡುವೆ ಒಮ್ಮೆ ಈ ಕ್ರಮ ಕಡಿದುಹೋದಾಗ ಅಲ್ಲಿಯವರೆಗೆ ಗಳಿಸಿದ್ದೆಲ್ಲ ಕೆಲವೇ ದಿನಗಳಲ್ಲಿ ಕರಗಿಹೋಯಿತು. ಅದನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ವಿಷಯ ನಮ್ಮ ಗಮನಕ್ಕೆ ಬಂದದ್ದು ಶಾಲೆಯಿಂದ ಬಂದ ಒಂದು ಪತ್ರದ ಮೂಲಕ. ವರ್ಷ ಆರಂಭವಾಗಿ ಮೂರು ತಿಂಗಳಾಗಿತ್ತು. ಅಷ್ಟರಲ್ಲಿ ಒಂಬತ್ತು ದಿನ ಗೈರುಹಾಜರಿ ಎಂದು ಪತ್ರದಲ್ಲಿತ್ತು. ನನ್ನನ್ನು ಕೇಳಿದ್ದರೆ ಮೂರೋ ನಾಲ್ಕೋ ಎನ್ನುತ್ತಿದ್ದೆ. ಆಗ ನನಗೆ ನಾಚಿಕೆಯಾಯಿತು. ಆದರೆ ಇದು ನನ್ನೊಬ್ಬನ ಕುರುಡಲ್ಲ ಎಂದು ಆಮೇಲೆ ತಿಳಿಯಿತು. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ 28,000ಕ್ಕೂ ಹೆಚ್ಚು ಕುಟುಂಬಗಳನ್ನು ಒಳಗೊಂಡು ನಡೆದ ಪ್ರಯೋಗವೊಂದರ ಫಲಿತಾಂಶವನ್ನು ಟಾಡ್ ರೋಜರ್ಸ್ ಮತ್ತು ಅವಿ ಫೆಲ್ಲರ್ 2018ರಲ್ಲಿ ಪ್ರಕಟಿಸಿದರು. ಪಾಲಕರು ತಮ್ಮ ಮಕ್ಕಳ ಗೈರುಹಾಜರಿಯನ್ನು ವಾಸ್ತವಕ್ಕಿಂತ ಬಹಳ ಕಡಿಮೆಯೆಂದು ತಿಳಿದಿರುತ್ತಾರೆ ಎಂಬುದನ್ನು ಆಧಾರವಾಗಿಟ್ಟುಕೊಂಡು, ಮಗು ಒಟ್ಟು ಎಷ್ಟು ದಿನ ತಪ್ಪಿಸಿದೆ ಎಂಬ ಲೆಕ್ಕವನ್ನು ಅಂಚೆಯಲ್ಲಿ ಮನೆಗೆ ಕಳುಹಿಸುತ್ತ ಬಂದಾಗ, ದೀರ್ಘಕಾಲದ ಗೈರುಹಾಜರಿಗೆ ಒಳಗಾದ ಮಕ್ಕಳ ಸಂಖ್ಯೆ ಶೇ. 10ರಷ್ಟು ಅಥವಾ ಅದಕ್ಕೂ ಹೆಚ್ಚು ಇಳಿಯಿತು. ಬರೀ ಒಂದು ಪತ್ರ, ಅದರಲ್ಲಿ ಒಂದು ಸಂಖ್ಯೆ. ಈ ಕ್ಷೇತ್ರದವರು ಸಾಮಾನ್ಯವಾಗಿ ಬಳಸುವ ಅಳತೆಯ ಪ್ರಕಾರ, ಯಾವುದೇ ಕಾರಣಕ್ಕಾಗಲಿ ಶಾಲಾ ದಿನಗಳಲ್ಲಿ ಶೇ. 10ರಷ್ಟನ್ನು ಕಳೆದುಕೊಂಡ ಮಗುವನ್ನು ದೀರ್ಘಕಾಲದ ಗೈರುಹಾಜರಿಯ ಮಗುವೆಂದು ಎಣಿಸುತ್ತಾರೆ. ವರ್ಷಕ್ಕೆ 180 ದಿನ ತರಗತಿ ನಡೆಯುವ ಕಡೆ ಅದು 18 ದಿನ, ಅಂದರೆ ತಿಂಗಳಿಗೆ ಎರಡೇ ದಿನ. ತಿಂಗಳಿಗೆ ಎರಡು ದಿನ ರಜೆ ಹಾಕುವುದು ಯಾವ ಮನೆಯಲ್ಲೂ ದೊಡ್ಡ ವಿಷಯವೆನಿಸುವುದಿಲ್ಲ. ನಮಗೂ ಅನಿಸಿರಲಿಲ್ಲ.

ಸೇವೆಯ ಸಂಯೋಜಕಿ ಮೊದಲ ಸಭೆಯಲ್ಲಿ ತಮ್ಮ ಪದ್ಧತಿಯನ್ನು ವಿವರಿಸಿದರು. ಮಾರ್ಗದರ್ಶಕರು ವಾರಕ್ಕೆ ಎರಡು ಸಲ ಶಾಲೆಯಲ್ಲಿಯೇ ಮಗುವನ್ನು ಕಾಣುತ್ತಾರೆ. ಹಾಜರಿಯನ್ನು ದಿನವೂ ನೋಡುತ್ತಾರೆ. ಮಗು ಬಾರದಿದ್ದರೆ ಅಂದು ಬೆಳಿಗ್ಗೆಯೇ ಮನೆಗೆ ಕರೆ ಮಾಡುತ್ತಾರೆ. ಹದಿನೈದು ದಿನಕ್ಕೊಮ್ಮೆ ಶಿಕ್ಷಕರೊಡನೆ, ತಿಂಗಳಿಗೊಮ್ಮೆ ಪಾಲಕರೊಡನೆ ಮಾತನಾಡುತ್ತಾರೆ. ಒಪ್ಪಂದದ ಅವಧಿ ಮರುವರ್ಷದ ಕೊನೆಯವರೆಗೆ. ಒಬ್ಬ ಹುಡುಗನನ್ನು ಸರಿದಾರಿಗೆ ತರಲು ಇಷ್ಟು ದೀರ್ಘಕಾಲ ಏಕೆ ಬೇಕು ಎಂದು ನನಗೆ ಅನಿಸಿತು. ಹಣ ಎಳೆಯುವ ಉಪಾಯವಿರಬಹುದೆಂಬ ಗುಮಾನಿಯೂ ಬಂತು. ಮನೆಗೆ ಬಂದು ಓದಿ ನೋಡಿದಾಗ ಈ ಪದ್ಧತಿಯ ಬಹುಪಾಲು ಅಂಶಗಳು 1990ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ರೂಪುಗೊಳ್ಳಲು ಆರಂಭಿಸಿದ ‘ಚೆಕ್ ಅಂಡ್ ಕನೆಕ್ಟ್’ ಎಂಬ ಕಾರ್ಯಕ್ರಮದಲ್ಲಿವೆ ಎಂದು ತಿಳಿಯಿತು. ಹಾಜರಿ, ನಡವಳಿಕೆ, ಅಂಕಗಳನ್ನು ಬಿಡದೆ ಗಮನಿಸುತ್ತಿರುವುದು ಅದರ ಮೊದಲ ಅರ್ಧ. ಗಮನಿಸಿದ್ದರ ಆಧಾರದ ಮೇಲೆ ಆಯಾ ಮಗುವಿಗೆ ತಕ್ಕಂತೆ ತಕ್ಷಣ ಏನಾದರೂ ಮಾಡುವುದು ಎರಡನೆಯ ಅರ್ಧ. ಅಲ್ಲಿಯೂ ಮಾರ್ಗದರ್ಶಕರು ಒಂದು ಮಗುವಿನೊಡನೆ ಕನಿಷ್ಠ ಎರಡು ವರ್ಷ ಇರಬೇಕೆಂಬ ಕಟ್ಟುಪಾಡಿದೆ. ಮಗು ಶಾಲೆ ಬದಲಿಸಿದರೂ ಸಾಧ್ಯವಾದಷ್ಟು ಅದರ ಬೆನ್ನಿಗೇ ಇರಬೇಕೆನ್ನುತ್ತಾರೆ. ಗುಮಾನಿ ಹೋಗಿ ಸಹಿ ಹಾಕಿದೆವು.

ಮೊದಲ ಮಾರ್ಗದರ್ಶಕ ಇಪ್ಪತ್ತೈದರ ಆಸುಪಾಸಿನ ಯುವಕ. ಮೊದಲ ಎರಡು ವಾರ ಅವರು ಶಾಲೆ ತಪ್ಪಿಸುವ ವಿಷಯವನ್ನೇ ಎತ್ತಲಿಲ್ಲ. ‘ಸರ್’ ಎನ್ನುವುದು ಬೇಡವೆಂದೂ ಹೇಳಲಿಲ್ಲ. ಮೂರನೆಯ ವಾರದಲ್ಲಿ ಮಗ ತಾನಾಗಿಯೇ ‘ಅಣ್ಣ’ ಎನ್ನಲು ಆರಂಭಿಸಿದ. ಮೊದಲ ಭೇಟಿಯಲ್ಲಿ ಅವರು ಹುಡುಗನಿಗೆ ಮಾಡಿಕೊಟ್ಟ ಒಂದು ಮಾತನ್ನು ನಮ್ಮೆದುರಿಗೂ ಹೇಳಿದರು: ಅವನು ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ನಮಗೆ ಹೇಳುವುದಿಲ್ಲ, ಅವನಿಗೋ ಇನ್ನೊಬ್ಬರಿಗೋ ಅಪಾಯವಿದ್ದರೆ ಮಾತ್ರ ಹೇಳುತ್ತಾರೆ, ಹಾಗೆ ಹೇಳುವ ಮುನ್ನ ಅವನಿಗೂ ತಿಳಿಸುತ್ತಾರೆ. ತಂದೆಯಾಗಿ ನನಗೆ ಇದನ್ನು ನುಂಗಿಕೊಳ್ಳುವುದು ಕಷ್ಟವಾಯಿತು. ಒಂದು ಸಂಜೆ ಕರೆ ಮಾಡಿ, ಅವನು ಯಾರ ಜೊತೆ ಸುತ್ತುತ್ತಾನೆ ಎಂಬುದನ್ನಷ್ಟೇ ತಿಳಿದು ಹೇಳಿ ಎಂದು ಕೇಳಿದೆ. ಅವರು ವಿನಯದಿಂದ ನಿರಾಕರಿಸಿದರು. “ನಾನು ನಿಮಗೆ ಸುದ್ದಿ ಕೊಡುತ್ತಿದ್ದೇನೆ ಎಂದು ಒಂದು ಸಲ ಅವನಿಗೆ ಅನ್ನಿಸಿದರೆ ಸಾಕು, ಆಮೇಲೆ ನನ್ನ ಹತ್ತಿರ ಅವನು ಹವಾಮಾನದ ಬಗ್ಗೆ ಮಾತ್ರ ಮಾತಾಡುತ್ತಾನೆ” ಎಂದರು. ಅಂದು ನನಗೆ ಸಿಟ್ಟು ಬಂದಿತ್ತು. ಈ ಸೇವೆಯಲ್ಲಿ ನಾನು ಹೆಚ್ಚು ಬೆಲೆ ಕೊಡುವ ಗುಣಗಳಲ್ಲಿ ಆ ನಿರಾಕರಣೆಯೂ ಒಂದು ಎಂದು ಇಂದು ಬರೆಯುತ್ತಿದ್ದೇನೆ.

ಅವರು ಮಾಡಿದ ನಿಜವಾದ ಕೆಲಸ ಹಾಜರಿ ಪುಸ್ತಕದಲ್ಲಿ ಆರಂಭವಾಯಿತು. ಶಾಲೆಯಲ್ಲಿ ಹಾಜರಿ ಕರೆಯುವುದು ಬೆಳಿಗ್ಗೆ ಒಂದೇ ಸಲ. ಆಗ ಹೆಸರು ಕೂಗಿದಾಗ ‘ಪ್ರೆಸೆಂಟ್’ ಎಂದವನು ಇಡೀ ದಿನ ಹಾಜರಿದ್ದಂತೆ ಲೆಕ್ಕ. ಮಾರ್ಗದರ್ಶಕರು ಪ್ರತಿ ವಿಷಯದ ಶಿಕ್ಷಕರ ಬಳಿ ಹೋಗಿ, ಆಯಾ ಪೀರಿಯಡ್‌ನಲ್ಲಿ ಹುಡುಗ ಇದ್ದನೇ ಎಂದು ಅವರವರ ನೆನಪು, ಟಿಪ್ಪಣಿ, ನೋಟುಪುಸ್ತಕದ ಸಹಿಗಳಿಂದ ಒಂದೊಂದಾಗಿ ಕೂಡಿಸಿ ಒಂದು ಹಾಳೆ ತಯಾರಿಸಿದರು. ಪತ್ರದಲ್ಲಿದ್ದ ಒಂಬತ್ತು ಪೂರ್ಣ ದಿನಗಳಲ್ಲದೆ, ಬೆಳಿಗ್ಗೆ ಬಂದು ಮಧ್ಯಾಹ್ನದ ವಿರಾಮದ ನಂತರ ಜಾಗ ಖಾಲಿ ಮಾಡಿದ ದಿನಗಳು ಹದಿನಾಲ್ಕು ಇದ್ದವು. ಆ ಹಾಳೆಯನ್ನು ವಾರಗಳ ಪ್ರಕಾರ ಜೋಡಿಸಿ ನೋಡಿದಾಗ ಹದಿನಾಲ್ಕರಲ್ಲಿ ಹನ್ನೆರಡು ಮಂಗಳವಾರ ಅಥವಾ ಶುಕ್ರವಾರ ಬಿದ್ದಿದ್ದವು. ಆ ಎರಡು ದಿನ ವಿರಾಮದ ನಂತರದ ಮೊದಲ ಪೀರಿಯಡ್ ಗಣಿತ. ಉಳಿದ ದಿನಗಳಲ್ಲಿ ಗಣಿತ ಬೆಳಿಗ್ಗೆಯೇ ಇರುತ್ತಿತ್ತು. ಆಗ ಹೊರಗೆ ಹೋಗಲು ದಾರಿಯಿರಲಿಲ್ಲ. ಪೂರ್ಣ ದಿನ ತಪ್ಪಿಸಿದವುಗಳಲ್ಲಿ ಹೆಚ್ಚಿನವು ಕಿರುಪರೀಕ್ಷೆಯ ದಿನಗಳು.

ಮನೆಯಲ್ಲಿ ನಾವು ಹುಡುಕಿಕೊಂಡಿದ್ದ ಕಾರಣಗಳು ಬೇರೆ: ಸೋಮಾರಿತನ, ಮೊಬೈಲು, ಕೆಟ್ಟ ಸಹವಾಸ. ಸೇವೆಯ ದಾಖಲಾತಿ ಅರ್ಜಿಯಲ್ಲಿಯೂ ‘ಗೈರುಹಾಜರಿಗೆ ಕಾರಣ’ ಎಂಬ ಕಡೆ ಗುರುತು ಹಾಕಲು ಕೊಟ್ಟಿದ್ದ ಆಯ್ಕೆಗಳು ಬಹುತೇಕ ಇವೇ ಆಗಿದ್ದವು. ಅರ್ಜಿಯ ಆ ಪುಟವನ್ನು ಸಂಸ್ಥೆ ತಕ್ಷಣ ಬದಲಿಸಬೇಕು. ಶಾಲೆಯಿಂದ ದೂರ ಉಳಿಯುವ ಮಕ್ಕಳ ಬಗ್ಗೆ ದಶಕಗಳಿಂದ ಅಧ್ಯಯನ ಮಾಡಿರುವ ಮನೋವಿಜ್ಞಾನಿ ಕ್ರಿಸ್ಟೋಫರ್ ಕೀರ್ನಿ, ಮಗು ಏಕೆ ಹೋಗುವುದಿಲ್ಲ ಎಂಬುದಕ್ಕೆ ನಾಲ್ಕು ಬಗೆಯ ಉತ್ತರಗಳನ್ನು ಗುರುತಿಸುತ್ತಾರೆ: ಶಾಲೆಯಲ್ಲಿ ಮನಸ್ಸಿಗೆ ಹಿಂಸೆಯಾಗುವ ಯಾವುದೋ ಒಂದನ್ನು ತಪ್ಪಿಸಲು, ನಾಲ್ವರ ಮುಂದೆ ನಿಂತು ಅಳೆಯಿಸಿಕೊಳ್ಳುವ ಸಂದರ್ಭದಿಂದ ಪಾರಾಗಲು, ಮನೆಯವರ ಗಮನ ಸೆಳೆಯಲು, ಇಲ್ಲವೇ ಶಾಲೆಯ ಹೊರಗೆ ಸಿಗುವ ಸಂತೋಷಕ್ಕಾಗಿ. ಚಕ್ಕರ್ ಹೊಡೆಯುವ ಮಗು ಎಂದಾಕ್ಷಣ ನಾವು ನಾಲ್ಕನೆಯದನ್ನು ಮಾತ್ರ ಊಹಿಸುತ್ತೇವೆ. ನಮ್ಮ ಮಗನದ್ದು ಎರಡನೆಯದು. ಏಳನೇ ತರಗತಿಯಲ್ಲಿ ಕಾಯಿಲೆಯಿಂದ ಮೂರು ವಾರ ಮಲಗಿದ್ದಾಗ ಬೀಜಗಣಿತದ ಆರಂಭವೇ ಅವನಿಗೆ ತಪ್ಪಿಹೋಗಿತ್ತು. ಎಂಟನೆಯದರ ಗಣಿತ ಶಿಕ್ಷಕಿ ಸಾಲಿನ ಪ್ರಕಾರ ಒಬ್ಬೊಬ್ಬರನ್ನೇ ಕರೆದು ಬೋರ್ಡಿನ ಮೇಲೆ ಲೆಕ್ಕ ಮಾಡಿಸುತ್ತಿದ್ದರು. ಎರಡು ಸಲ ಅವನು ಸೀಮೆಸುಣ್ಣ ಹಿಡಿದು ಇಡೀ ತರಗತಿಗೆ ಬೆನ್ನು ಮಾಡಿ ಏನೂ ಬರೆಯಲಾಗದೆ ನಿಂತಿದ್ದನಂತೆ. ಅಲ್ಲಿಂದೀಚೆಗೆ ಮಂಗಳವಾರ, ಶುಕ್ರವಾರಗಳಲ್ಲಿ ಗೇಟು ದಾಟಿ ಹೋಗಿ, ಒಬ್ಬನೇ ಬೀದಿ ಬೀದಿ ಸುತ್ತಿ, ಶಾಲೆ ಬಿಡುವ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದ. ಮಜಾ ಮಾಡಲು ಹೋಗುತ್ತಾನೆ ಎಂದು ನಾವು ಬೈದ ದಿನಗಳಲ್ಲಿ ಅವನು ಮಾಡುತ್ತಿದ್ದದ್ದು ಇದು. ಇದನ್ನೆಲ್ಲ ನಮಗೆ ಹೇಳಬಹುದೆಂದು ಅವನು ಒಪ್ಪಿಕೊಂಡದ್ದು ಏಳನೆಯ ವಾರದಲ್ಲಿ.

ಮಾರ್ಗದರ್ಶಕರು ಗಣಿತ ಶಿಕ್ಷಕಿಯೊಡನೆ ಕುಳಿತು ಮಾಡಿಕೊಂಡ ಏರ್ಪಾಡು ಸರಳವಾಗಿತ್ತು. ಆರು ವಾರ ಅವನನ್ನು ಬೋರ್ಡಿಗೆ ಕರೆಯುವುದಿಲ್ಲ. ಆ ಅವಧಿಯಲ್ಲಿ ವಾರಕ್ಕೆರಡು ಸಲ ಇಪ್ಪತ್ತು ನಿಮಿಷ ಶಿಕ್ಷಕಿಯೇ ಅವನಿಗೆ ಹಿಂದಿನ ಪಾಠವನ್ನು ಹೇಳಿಕೊಡುತ್ತಾರೆ. ಆರು ವಾರದ ನಂತರ ಕರೆಯುತ್ತಾರೆ, ಆದರೆ ಯಾವ ಲೆಕ್ಕವೆಂದು ಹಿಂದಿನ ದಿನವೇ ಅವನಿಗೊಬ್ಬನಿಗೆ ತಿಳಿಸಿರುತ್ತಾರೆ. ಆ ಶಿಕ್ಷಕಿಯ ಬಗ್ಗೆ ನನಗೆ ಗೌರವ ಹೆಚ್ಚಾಯಿತು. ಹುಡುಗ ಬೋರ್ಡಿಗೆ ಹೆದರಿ ಓಡುತ್ತಿದ್ದಾನೆ ಎಂದು ಅವರಿಗೂ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಮಾರ್ಗದರ್ಶಕರಿಲ್ಲದಿದ್ದರೂ ಇದು ಆಗಬಹುದಿತ್ತಲ್ಲವೇ ಎಂದು ಯಾರಾದರೂ ಕೇಳಿದರೆ, ಆಗಬಹುದಿತ್ತು ಎನ್ನುತ್ತೇನೆ. ಆದರೆ ಶಾಲೆ, ಮನೆ ಎರಡೂ ಕಡೆ ಓಡಾಡಿ, ಪೀರಿಯಡ್ ಪೀರಿಯಡ್ ಎಣಿಸಿ, ಏಳು ವಾರ ತಾಳ್ಮೆಯಿಂದ ಕಾಯುವ ಬಿಡುವು ನಮ್ಮಲ್ಲಿ ಯಾರಿಗೂ ಇರಲಿಲ್ಲ. ಈ ಸೇವೆಗೆ ಕೊಡುವ ಹಣ ಆ ಬಿಡುವಿಗೆ ಕೊಡುವ ಹಣ.

ದಿನದಿನದ ಕ್ರಮದ ಬಗ್ಗೆಯೂ ಬರೆಯಬೇಕು, ಏಕೆಂದರೆ ಏರ್ಪಾಡು ಎಷ್ಟೇ ಚೆನ್ನಾಗಿದ್ದರೂ ಅದನ್ನು ಹಿಡಿದು ನಿಲ್ಲಿಸಿದ್ದು ಈ ಕ್ರಮವೇ. ಅವನು ಬಾರದ ದಿನ ಮೊದಲ ಪೀರಿಯಡ್ ಮುಗಿಯುವುದರೊಳಗೆ ನನ್ನ ಪತ್ನಿಗೆ ಕರೆ ಬರುತ್ತಿತ್ತು. ಕರೆಯಲ್ಲಿ ದೂರು ಇರುತ್ತಿರಲಿಲ್ಲ, “ಇವತ್ತು ಬಂದಿಲ್ಲ, ಹುಷಾರಾಗಿದ್ದಾನಾ?” ಎಂದು ಕೇಳುತ್ತಿದ್ದರು. ಮರುದಿನ ಅವನು ಬಂದಾಗ ಗೇಟಿನ ಬಳಿಯೇ ಮಾತನಾಡಿಸುತ್ತಿದ್ದರು; ನಿನ್ನೆ ಯಾವ ಪಾಠ ತಪ್ಪಿತೆಂದು ಹೇಳಿ ಆ ಟಿಪ್ಪಣಿಯನ್ನು ಕೈಗೆ ಕೊಡುತ್ತಿದ್ದರು. ಒಂದು ದಿನ ತಪ್ಪಿಸಿದ ಮಗು ಮರುದಿನವೂ ತಪ್ಪಿಸುವುದಕ್ಕೆ ಬಹಳ ಸಲ ನಿನ್ನೆಯ ದಿನವೇ ಕಾರಣವಾಗಿರುತ್ತದೆ. ಬರೆದುಕೊಳ್ಳದ ಪಾಠ, ಕೇಳಬಹುದಾದ ಪ್ರಶ್ನೆ, ತರಬೇಕಾದ ರಜಾಚೀಟಿ ಎಲ್ಲ ಸೇರಿ ಬಾಗಿಲು ಇನ್ನಷ್ಟು ಭಾರವಾಗುತ್ತದೆ. ಆ ಭಾರವನ್ನು ಅಂದಂದೇ ಇಳಿಸುವುದು ಇಂಥ ಸೇವೆಯ ತಿರುಳು. ನ್ಯೂಯಾರ್ಕ್ ನಗರದಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಅವರ ಕಾಲದಲ್ಲಿ, 2010ರಿಂದ 2013ರವರೆಗೆ ನಡೆದ ಹಾಜರಿ ಅಭಿಯಾನದಲ್ಲಿಯೂ ‘ಸಕ್ಸೆಸ್ ಮೆಂಟರ್’ ಎಂದು ಕರೆಯಲಾದವರು ಮಾಡುತ್ತಿದ್ದುದು ಹೆಚ್ಚುಕಡಿಮೆ ಇಷ್ಟೇ: ಬೆಳಿಗ್ಗೆ ಮಾತನಾಡಿಸುವುದು, ಬಾರದಿದ್ದರೆ ಮನೆಗೆ ಕರೆ ಮಾಡುವುದು, ಅಡ್ಡಿ ಏನೆಂದು ಹುಡುಕುವುದು. ಹೊರಗಿನಿಂದ ಬಂದವರು, ಶಾಲೆಯ ಸಿಬ್ಬಂದಿ, ಮೇಲಿನ ತರಗತಿಯ ವಿದ್ಯಾರ್ಥಿಗಳು ಹೀಗೆ ಮೂರು ಬಗೆಯವರು ಆ ಕೆಲಸ ಮಾಡಿದ್ದರು. ಅದನ್ನು ಪರಿಶೀಲಿಸಿದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರಾಬರ್ಟ್ ಬಾಲ್ಫಾಂಜ್ ಮತ್ತು ವಾನ್ ಬರ್ನ್ಸ್, ಹಿಂದೆ ದೀರ್ಘಕಾಲ ಗೈರಾಗುತ್ತಿದ್ದ ಮಕ್ಕಳು ಮಾರ್ಗದರ್ಶಕರಿದ್ದಾಗ ವರ್ಷಕ್ಕೆ ಸುಮಾರು 9 ಶಾಲಾ ದಿನಗಳನ್ನು ಹೆಚ್ಚಾಗಿ ಪಡೆದರು ಎಂದು 2013ರಲ್ಲಿ ವರದಿ ಮಾಡಿದರು. ಹೆಚ್ಚುಕಡಿಮೆ ಎರಡು ವಾರದ ಪಾಠ ಅದು. ಪವಾಡವನ್ನು ನಿರೀಕ್ಷಿಸುವ ಪಾಲಕರಿಗೆ ಕಡಿಮೆಯೆನಿಸಬಹುದು. ಒಂದು ಮಗುವಿನ ವರ್ಷದಲ್ಲಿ ಎರಡು ವಾರ ಎಂದರೆ ಒಂದಿಡೀ ಅಧ್ಯಾಯ.

ಸೇವೆಯೊಂದಿಗೆ ಬರುವ ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾಜರಿಯ ನಕ್ಷೆ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ, ಆದರೆ ಅದು ಬೆಳಗಿನ ಹಾಜರಿಯನ್ನು ಮಾತ್ರ ತೋರಿಸುವುದರಿಂದ ಮಧ್ಯಾಹ್ನ ತಪ್ಪಿಸುವ ಮಕ್ಕಳ ಪಾಲಕರಿಗೆ ಸುಳ್ಳು ನೆಮ್ಮದಿ ಕೊಡುತ್ತದೆ. ಹಾಜರಾದ ದಿನಗಳಿಗೆ ಅಂಕ ಕೊಟ್ಟು, ಅಂಕಗಳಿಗೆ ಬಹುಮಾನ ಕೊಡುವ ವ್ಯವಸ್ಥೆಯೂ ಇತ್ತು. ಮೊದಲ ತಿಂಗಳು ಮಗನಿಗೆ ಅದರಲ್ಲಿ ಆಸಕ್ತಿಯಿತ್ತು. ಎರಡನೆಯ ತಿಂಗಳಲ್ಲಿ ಅಂಕಗಳನ್ನು ನೋಡುವುದನ್ನೇ ಬಿಟ್ಟ. ಬೋರ್ಡಿನ ಮುಂದಿನ ಅವಮಾನಕ್ಕೆ ಬಹುಮಾನ ಮದ್ದಲ್ಲ ಎಂಬುದು ನಮಗೂ ಅಷ್ಟರಲ್ಲಿ ಗೊತ್ತಾಗಿತ್ತು.

ಇನ್ನು ಈ ಸೇವೆಯ ದೊಡ್ಡ ಲೋಪ. ಏಳನೆಯ ತಿಂಗಳಲ್ಲಿ ಮೊದಲ ಮಾರ್ಗದರ್ಶಕರು ಬೇರೆ ಕೆಲಸ ಸಿಕ್ಕಿ ಹೊರಟುಹೋದರು. ಅವರು ಹೋಗುವುದು ತಪ್ಪಲ್ಲ. ಆ ವಯಸ್ಸಿನವರು ಒಳ್ಳೆಯ ಕೆಲಸ ಸಿಕ್ಕಾಗ ಹೋಗಲೇಬೇಕು. ಆದರೆ ಸಂಸ್ಥೆ ಅದನ್ನು ನಡೆಸಿದ ರೀತಿ ಕ್ಷಮಿಸುವಂಥದ್ದಲ್ಲ. ನಮಗೆ ಆ್ಯಪ್‌ನಲ್ಲಿ ಎರಡು ಸಾಲಿನ ಸಂದೇಶ ಬಂತು. ಹುಡುಗನಿಗೆ ಯಾರೂ ಹೇಳಲಿಲ್ಲ. ಅವನು ಎಂದಿನಂತೆ ಭೇಟಿಯ ಜಾಗಕ್ಕೆ ಹೋಗಿ ಅರ್ಧ ಗಂಟೆ ಕಾದು ತರಗತಿಗೆ ಮರಳಿದ್ದಾನೆ. ಬದಲಿ ಮಾರ್ಗದರ್ಶಕರು ಬರಲು ಆರು ವಾರ ಹಿಡಿಯಿತು. ಮೊದಲ ಎರಡು ವಾರಗಳಲ್ಲಿ ನಾಲ್ಕು ಮಧ್ಯಾಹ್ನ ಹಾಗೂ ಒಂದು ಪೂರ್ಣ ದಿನ ತಪ್ಪಿಸಿದ. ಗಣಿತದ ಭಯ ಅಷ್ಟು ಹೊತ್ತಿಗೆ ಬಹಳ ಕಡಿಮೆಯಾಗಿತ್ತು, ಆದ್ದರಿಂದ ಇದು ಹಳೆಯ ಕಾರಣವಲ್ಲ. ನಾನು ಕೇಳಿದಾಗ, “ಯಾರೂ ಕೇಳೋದಿಲ್ಲವಲ್ಲ ಅಪ್ಪಾ, ಹೋದರೂ ಒಂದೇ, ಬಿಟ್ಟರೂ ಒಂದೇ” ಎಂದ. ಆ ಮಾತು ಇಂದಿಗೂ ನನ್ನ ಎದೆಯಲ್ಲಿ ಕೂತಿದೆ. ನಾವು ಮನೆಯಲ್ಲಿ ದಿನವೂ ಕೇಳುತ್ತಲೇ ಇದ್ದೆವು; ಅವನಿಗೆ ಬೇಕಾಗಿದ್ದದ್ದು ನಮ್ಮ ಕೇಳುವಿಕೆಯಲ್ಲ.

ಇದು ಕೇವಲ ನಮ್ಮ ಮಗನ ಸೂಕ್ಷ್ಮತೆಯಲ್ಲ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ವರ್ಷ ಅಥವಾ ಹೆಚ್ಚು ಕಾಲ ಮಾರ್ಗದರ್ಶಕರ ಸಂಗ ಸಿಕ್ಕ ಹದಿಹರೆಯದವರಿಗೆ ಅತಿ ಹೆಚ್ಚು ಪ್ರಯೋಜನವಾಗಿತ್ತು. ಮೂರು ತಿಂಗಳೊಳಗೆ ಸಂಬಂಧ ಮುರಿದುಬಿದ್ದವರು ಆತ್ಮಗೌರವದಂಥ ವಿಷಯಗಳಲ್ಲಿ ಮೊದಲಿಗಿಂತ ಕೆಳಗಿಳಿದಿದ್ದರು. ಅಂದರೆ ಅರ್ಧಕ್ಕೆ ಬಿಟ್ಟುಹೋಗುವ ಮಾರ್ಗದರ್ಶನಕ್ಕಿಂತ ಮಾರ್ಗದರ್ಶನವೇ ಇಲ್ಲದಿರುವುದು ಮೇಲಾದೀತು. ಶಾಲೆ ತಪ್ಪಿಸುವ ಮಕ್ಕಳಲ್ಲಿ ಹಲವರು ದೊಡ್ಡವರ ಮೇಲಿನ ನಂಬಿಕೆಯನ್ನು ಈಗಾಗಲೇ ಒಂದಷ್ಟು ಕಳೆದುಕೊಂಡವರು. ಅವರ ಮುಂದೆ ಇನ್ನೊಬ್ಬ ದೊಡ್ಡವರು ಹೇಳದೆ ಮಾಯವಾದರೆ ಏನಾಗುತ್ತದೆಂದು ಊಹಿಸಲು ಸಂಶೋಧನೆಯೂ ಬೇಕಿಲ್ಲ. ನಾನು ಸಂಯೋಜಕಿಗೆ ಲಿಖಿತವಾಗಿ ದೂರು ಕೊಟ್ಟೆ. ಅವರು ತಪ್ಪನ್ನು ಒಪ್ಪಿಕೊಂಡರು, ನೆಪ ಹೇಳಲಿಲ್ಲ. ನಮ್ಮ ಕೋರಿಕೆಯ ಮೇರೆಗೆ ಮೊದಲ ಮಾರ್ಗದರ್ಶಕರು ಒಂದು ಸಂಜೆ ಬಂದು, ಹುಡುಗನ ಜೊತೆ ಒಂದು ಗಂಟೆ ನಡೆದಾಡಿ, ತಾವು ಏಕೆ ಹೋದದ್ದು, ಏಕೆ ಹೇಳಲಾಗಲಿಲ್ಲ ಎಂಬುದನ್ನು ತಿಳಿಸಿ ಹೋದರು. ಅದಕ್ಕಾಗಿ ಅವರಿಗೆ ನಾನು ಋಣಿ.

ಎರಡನೆಯ ಮಾರ್ಗದರ್ಶಕಿ ಐವತ್ತು ದಾಟಿದವರು, ಮಿತಭಾಷಿ. ಇವರನ್ನು ಮಗ ಕೊನೆಯವರೆಗೂ ‘ಮೇಡಂ’ ಎಂದೇ ಕರೆದ. ಮೊದಲಿನವರೊಡನೆ ಇದ್ದ ಸಲುಗೆ ಇವರೊಡನೆ ಬೆಳೆಯಲಿಲ್ಲ. ಬೆಳೆಯದಿದ್ದರೆ ಕೆಲಸ ಕೆಡುತ್ತದೆಂದು ನಾನು ಭಯಪಟ್ಟಿದ್ದೆ. ಹಾಗಾಗಲಿಲ್ಲ. ಮೇಡಂ ಹೇಳಿದ ದಿನ, ಹೇಳಿದ ಹೊತ್ತಿಗೆ, ಹೇಳಿದ ಜಾಗದಲ್ಲಿ ಇರುತ್ತಿದ್ದರು. ಇಡೀ ಒಂಬತ್ತನೇ ತರಗತಿಯಲ್ಲಿ ಅವರು ತಪ್ಪಿಸಿದ ಭೇಟಿ ಒಂದೇ, ಅದನ್ನೂ ಎರಡು ದಿನ ಮೊದಲೇ ಹುಡುಗನಿಗೆ ತಿಳಿಸಿದ್ದರು. ಆ ವರ್ಷ ಅವನ ಪೂರ್ಣ ದಿನದ ಗೈರುಹಾಜರಿ ಆರು. ಅದರಲ್ಲಿ ನಾಲ್ಕು ಜ್ವರದ ದಿನಗಳು. ಮಧ್ಯಾಹ್ನ ತಪ್ಪಿಸಿದ್ದು ಮೂರು ಸಲ. ಮಾರ್ಗದರ್ಶಕರ ಆಯ್ಕೆಯಲ್ಲಿ ಪಾಲಕರು ಮಗುವಿಗೆ ‘ಹೊಂದುವ’ ಸ್ವಭಾವವನ್ನು ಹುಡುಕುತ್ತಾರೆ. ಸ್ವಭಾವಕ್ಕಿಂತ ನಿಯಮಿತತೆಯನ್ನು ಮೊದಲು ವಿಚಾರಿಸಿ ಎಂದು ನಾನು ಈಗ ಹೇಳುತ್ತೇನೆ: ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಮಕ್ಕಳನ್ನು ಒಪ್ಪಿಸಿದ್ದಾರೆ, ಸರಾಸರಿ ಎಷ್ಟು ಕಾಲ ಅವರು ಕೆಲಸದಲ್ಲಿ ಉಳಿಯುತ್ತಾರೆ, ಅವರು ರಜೆ ಹಾಕಿದ ದಿನ ಯಾರು ಕರೆ ಮಾಡುತ್ತಾರೆ. ನ್ಯೂಯಾರ್ಕಿನ ಮಾರ್ಗದರ್ಶಕರಿಗೆ ತಲಾ 15ರಿಂದ 20 ಮಕ್ಕಳಿರುತ್ತಿದ್ದರು. ನಮ್ಮ ಮೊದಲ ಮಾರ್ಗದರ್ಶಕರ ಪಾಲಿಗೆ ಎಷ್ಟಿದ್ದರು ಎಂದು ನಾನು ಆರಂಭದಲ್ಲಿ ಕೇಳಲೇ ಇಲ್ಲ. ನಲವತ್ತರ ಹತ್ತಿರ ಎಂದು ಅವರು ಹೋದ ಮೇಲೆ ತಿಳಿಯಿತು.

ಅಂಕಗಳ ಬಗ್ಗೆ ಕೇಳುವವರಿಗೆ: ಗಣಿತದಲ್ಲಿ ಅವನು ಈಗ ಪಾಸಾಗುತ್ತಾನೆ, ಮುಂದೆ ಬಂದಿದ್ದಾನೆ ಎನ್ನುವಂತಿಲ್ಲ. ಉಳಿದ ವಿಷಯಗಳಲ್ಲಿ ಇದ್ದಲ್ಲೇ ಇದ್ದಾನೆ. ಹಾಜರಿ ಸುಧಾರಿಸಿದ ಮಾತ್ರಕ್ಕೆ ಅಂಕ ಏರುತ್ತದೆಂದು ಸಂಸ್ಥೆಯ ಕರಪತ್ರ ಸೂಚಿಸುತ್ತದೆ. ನಮ್ಮ ಅನುಭವ ಅದನ್ನು ಬೆಂಬಲಿಸುವುದಿಲ್ಲ. ತರಗತಿಯಲ್ಲಿ ಕೂತವನಿಗೆ ಕಲಿಯುವ ಅವಕಾಶ ಸಿಗುತ್ತದೆ, ಕಲಿಸುವ ಕೆಲಸ ಬೇರೆಯೇ ಉಳಿದಿರುತ್ತದೆ.

ಯಾವ ವಯಸ್ಸಿನ ಮಕ್ಕಳಿಗೆ ಈ ಸೇವೆ ಹೊಂದುತ್ತದೆ ಎಂಬುದರ ಬಗ್ಗೆಯೂ ಒಂದು ಮಾತು. ಷಿಕಾಗೊ ನಗರದ ಸರ್ಕಾರಿ ಶಾಲೆಗಳಲ್ಲಿ ‘ಚೆಕ್ ಅಂಡ್ ಕನೆಕ್ಟ್’ ಪದ್ಧತಿಯನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಆರಿಸಿದ ಮಕ್ಕಳ ಮೇಲೆ ಪರೀಕ್ಷಿಸಿದಾಗ, ಐದರಿಂದ ಏಳನೇ ತರಗತಿಯಲ್ಲಿ ಸೇರಿದ ಮಕ್ಕಳ ಗೈರುಹಾಜರಿ ಸುಮಾರು 4 ದಿನ, ಅಂದರೆ ಶೇ. 23ರಷ್ಟು ಇಳಿಯಿತು, ಒಂದರಿಂದ ನಾಲ್ಕನೇ ತರಗತಿಯ ಮಕ್ಕಳಲ್ಲಿ ಗುರುತಿಸಬಹುದಾದ ಪರಿಣಾಮ ಕಾಣಲಿಲ್ಲ. ಚಿಕ್ಕ ಮಕ್ಕಳು ಬಾರದಿರಲು ಬಹುಮಟ್ಟಿಗೆ ಮನೆಯ ಪರಿಸ್ಥಿತಿ ಕಾರಣ, ದೊಡ್ಡ ಮಕ್ಕಳ ಕಾಲು ಅವರದೇ ಮಾತು ಕೇಳುತ್ತದೆ ಎಂದು ನಾನು ಅದನ್ನು ಅರ್ಥಮಾಡಿಕೊಂಡಿದ್ದೇನೆ. ಆದ್ದರಿಂದ ಎರಡನೇ ತರಗತಿಯ ಮಗುವಿಗಾಗಿ ಇದನ್ನು ಕೇಳಿಕೊಂಡು ಬರುವ ಪಾಲಕರು, ಬೆಳಗಿನ ಹೊತ್ತು ಮನೆಯಿಂದ ಹೊರಡುವುದರಲ್ಲಿಯೇ ಏನು ಎಡವುತ್ತಿದೆ ಎಂದು ಮೊದಲು ನೋಡಿಕೊಳ್ಳುವುದು ಒಳ್ಳೆಯದು.

ಕರಪತ್ರದಲ್ಲಿ ‘ಎಲ್ಲ ಬಗೆಯ ಗೈರುಹಾಜರಿಗೂ’ ಎಂದು ಬರೆದುಕೊಂಡಿರುವುದು ನನಗೆ ಆಕ್ಷೇಪಾರ್ಹವೆನಿಸುತ್ತದೆ. ಸಹಪಾಠಿಗಳು ಕಾಡಿಸಿ ಹೊಡೆಯುವುದರಿಂದ ಶಾಲೆಗೆ ಬಾರದ ಮಗುವಿಗೆ ಬೇಕಾಗಿರುವುದು ಆ ಕಾಟವನ್ನು ನಿಲ್ಲಿಸುವ ಶಾಲೆ. ಅದಾಗದೆ ಮಾರ್ಗದರ್ಶಕರನ್ನು ಕೊಟ್ಟು ಮಗುವನ್ನು ಒಳಗೆ ಕಳುಹಿಸುವುದು ಅನ್ಯಾಯ. ಕಾಯಿಲೆಯ ತಾಯಿಯನ್ನೋ ಪುಟ್ಟ ತಂಗಿಯನ್ನೋ ನೋಡಿಕೊಳ್ಳಲು ಮನೆಯಲ್ಲಿ ಉಳಿಯುವ ಮಗುವಿಗೆ, ಆ ಆರೈಕೆಗೆ ಬೇರೊಬ್ಬರನ್ನು ಒದಗಿಸದೆ, ಶಾಲೆಯ ಮಹತ್ವವನ್ನು ವಿವರಿಸಿ ಉಪಯೋಗವಿಲ್ಲ. ಅದು ಆ ಮಗುವಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಬೆಳಿಗ್ಗೆ ಶಾಲೆಯ ಹೆಸರೆತ್ತಿದರೆ ವಾಂತಿ, ಹೊಟ್ಟೆನೋವು, ನಡುಕ ಬರುವ ಮಗುವನ್ನು ಮನೋವೈದ್ಯರು ಅಥವಾ ಮಕ್ಕಳ ಆಪ್ತಸಮಾಲೋಚಕರು ನೋಡಬೇಕು. ಮಾರ್ಗದರ್ಶಕರು ಅವರ ಜೊತೆಗಿರಬಹುದು, ಅವರ ಬದಲಿಗೆ ಅಲ್ಲ. ನಮ್ಮ ಎರಡನೆಯ ಮಾರ್ಗದರ್ಶಕಿ ಇಂಥ ಮಗುವೊಂದನ್ನು ಗುರುತಿಸಿ ವೈದ್ಯರ ಬಳಿ ಕಳುಹಿಸಿದ್ದನ್ನು ಬಲ್ಲೆ. ಅದು ಅವರ ವಿವೇಕ, ಸಂಸ್ಥೆಯ ನಿಯಮದಲ್ಲಿ ಅಂಥದ್ದೇನೂ ಇರಲಿಲ್ಲ. ನಿಯಮದಲ್ಲಿ ಇರಬೇಕು.

ಹತ್ತನೇ ತರಗತಿಗೂ ಸೇವೆಯನ್ನು ಮುಂದುವರಿಸಿದ್ದೇವೆ. ಭೇಟಿ ಇನ್ನು ಮುಂದೆ ಹದಿನೈದು ದಿನಕ್ಕೊಮ್ಮೆ. ಪೀರಿಯಡ್‌ವಾರು ಹಾಳೆಯನ್ನು ಮೇಡಂ ಈಗ ಹುಡುಗನ ಕೈಗೇ ಕೊಟ್ಟಿದ್ದಾರೆ, ಅವನೇ ತುಂಬಿ ತೋರಿಸುತ್ತಾನೆ. ನವೀಕರಣದ ಹೊತ್ತಿಗೆ ನಾನು ಎರಡು ಷರತ್ತು ಇಟ್ಟೆ. ಮಾರ್ಗದರ್ಶಕರು ಬದಲಾಗುವುದಾದರೆ ಅದನ್ನು ಮಗುವಿಗೆ ಅವರೇ ಎದುರಿಗೆ ಹೇಳಬೇಕು, ಮತ್ತು ಹೊಸಬರೂ ಹಳಬರೂ ನಾಲ್ಕು ವಾರ ಒಟ್ಟಿಗೆ ಮಗುವನ್ನು ಕಾಣಬೇಕು. ಮೊದಲನೆಯದನ್ನು ಸಂಸ್ಥೆ ಪೂರ್ತಿಯಾಗಿ ಒಪ್ಪಿತು. ಎರಡನೆಯದರಲ್ಲಿ ನಾಲ್ಕು ವಾರದ ಬದಲು ಎರಡು ವಾರ ಎಂದರು. ಅಷ್ಟನ್ನಾದರೂ ಬರಹದಲ್ಲಿ ಕೊಡಿ ಎಂದು ಕೇಳಿ, ಒಪ್ಪಂದದ ಪತ್ರದಲ್ಲಿ ಅದನ್ನು ಸೇರಿಸಿದ ಮೇಲೆ ಸಹಿ ಹಾಕಿದ್ದೇನೆ.